ತಾರಸಿಯ ತಂತಿ, ಅಳತೆಯ ಮುಳ್ಳು

ಮನೆಗೆ ಬೇಕಾದ ಎಷ್ಟೋ ಉಪಕರಣಗಳನ್ನು ಇಂದು ನಾವು ಅಂಗಡಿಯಿಂದ ತರುತ್ತೇವೆ. ಪೆಟ್ಟಿಗೆ ಬಿಚ್ಚಿ, ಗೋಡೆಯ ಸಾಕೆಟ್ಟಿಗೆ ಸೇರಿಸಿ, ಗುಂಡಿಯನ್ನೊತ್ತಿದೊಡನೆ ಅವು ಕೆಲಸಕ್ಕೆ ತೊಡಗುತ್ತವೆ. ರುಬ್ಬುವ ಯಂತ್ರವಿರಲಿ, ನೀರೆತ್ತುವ ಪಂಪಿರಲಿ, ಯಾರ ಮನೆಯಲ್ಲಿಟ್ಟರೂ ಅದರ ನಡತೆ ಒಂದೇ. ಹವ್ಯಾಸಿ ಬಾನುಲಿಯ ಆಂಟೆನಾ ಮಾತ್ರ ಈ ಸಾಲಿಗೆ ಸೇರಿದುದಲ್ಲ. ಅದರ ಅರ್ಧ ಕೆಲಸ ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ಉಳಿದರ್ಧ ಅದನ್ನು ಕಟ್ಟುವ ಮನೆಯ ತಾರಸಿಯ ಮೇಲೆಯೇ ನಡೆಯಬೇಕು. ಈ ಮಾತು ತಿಳಿಯದೆ ಒಳ್ಳೆಯ ಆಂಟೆನಾವನ್ನು ಕೆಟ್ಟದ್ದೆಂದು ಮೂಲೆಗಿಟ್ಟ ಮನೆಗಳನ್ನೂ, ಕೆಟ್ಟ ಕೇಬಲ್ಲನ್ನು ಒಳ್ಳೆಯದೆಂದು ನಂಬಿ ವರ್ಷಗಟ್ಟಲೆ ಯಾರಿಗೂ ಕೇಳಿಸದೆ ಕುಳಿತ ಮನೆಗಳನ್ನೂ ನಾವು ಕಂಡಿದ್ದೇವೆ. ಆದಕಾರಣ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇವೆ.

ಹ್ಯಾಮ್ ರೇಡಿಯೊ ಎಂದು ವಾಡಿಕೆಯಲ್ಲಿರುವ ಈ ಹವ್ಯಾಸವನ್ನು ಅರಿಯದ ಹಿರಿಯರಿಗಾಗಿ ಎರಡು ಮಾತು. ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ತಮ್ಮ ಮನೆಯಿಂದಲೇ ಊರೂರಿನ, ದೇಶದೇಶದ ಹವ್ಯಾಸಿಗಳೊಡನೆ ಮಾತನಾಡಬಹುದು. ವಿಯು2, ವಿಯು3 ಎಂದು ಆರಂಭವಾಗುವ ಕರೆಸಂಕೇತಗಳು ನಮ್ಮ ದೇಶದ ಹವ್ಯಾಸಿಗಳವು. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಇದು ಬರಿಯ ವಿನೋದವೆಂದು ತಿಳಿಯಬಾರದು. 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿ ದೂರವಾಣಿಗಳು ಮೂಕವಾದಾಗ, ಹವ್ಯಾಸಿ ಪ್ರಸಾರಕ್ಕೆಂದು ಅಂದಿನ ಪೋರ್ಟ್ ಬ್ಲೇರಿಗೆ ಹೋಗಿದ್ದ ಶ್ರೀಮತಿ ಭಾರತಿ ಪ್ರಸಾದ್ ಅವರ ತಂಡವು ತನ್ನ ರೇಡಿಯೊಗಳ ಮೂಲಕವೇ ಸುದ್ದಿಗಳನ್ನು ಹೊರಜಗತ್ತಿಗೆ ಮುಟ್ಟಿಸಿತು. ಅಂಥ ಗಳಿಗೆಯಲ್ಲಿ ರೇಡಿಯೊ ಪೆಟ್ಟಿಗೆ ಎಷ್ಟು ದುಬಾರಿಯದೆಂಬುದು ಮುಖ್ಯವಾಗುವುದಿಲ್ಲ. ಮೇಲಿರುವ ತಂತಿ ಸರಿಯಾಗಿದೆಯೇ ಎಂಬುದೊಂದೇ ಮುಖ್ಯವಾಗುತ್ತದೆ.

ತಂತಿಯ ಲೆಕ್ಕ

ಆಂಟೆನಾಗಳಲ್ಲಿ ನಾನಾ ವಿಧಗಳಿವೆ. ಹೊಸಬರು ಹೆಚ್ಚಾಗಿ ಕೊಂಡು ತರುವ ಡೈಪೋಲ್ ಎಂಬುದನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ನಡುವೆ ಬಲೂನ್ ಎಂಬ ಚಿಕ್ಕ ಡಬ್ಬಿ, ಅದರ ಎರಡು ಬದಿಗೆ ಸಮನಾದ ಎರಡು ತಂತಿಗಳು, ಡಬ್ಬಿಯಿಂದ ಕೆಳಗಿಳಿದು ರೇಡಿಯೊಗೆ ಬರುವ ಕೋಆಕ್ಸಿಯಲ್ ಕೇಬಲ್ – ಇಷ್ಟೇ ಇದರ ಅಂಗಗಳು. ಕೇಬಲ್ಲಿನ ಒಳಗೆ ಒಂದು ನಡುತಂತಿ, ಅದರ ಸುತ್ತ ನಿರೋಧಕ, ಅದರ ಮೇಲೆ ತಾಮ್ರದ ಜಾಲರಿ, ಹೊರಗೆ ಕಪ್ಪು ಹೊದಿಕೆ ಇರುತ್ತವೆ.

ತಂತಿಯ ಉದ್ದಕ್ಕೂ ನಾವು ಬಳಸುವ ಕಂಪನಾಂಕಕ್ಕೂ ನೇರ ಸಂಬಂಧವಿದೆ. 143 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ಗಳಲ್ಲಿರುವ ಕಂಪನಾಂಕದಿಂದ ಭಾಗಿಸಿದರೆ, ಎರಡೂ ಬದಿ ಸೇರಿ ಬೇಕಾಗುವ ತಂತಿಯ ಉದ್ದ ಸುಮಾರಾಗಿ ಮೀಟರುಗಳಲ್ಲಿ ದೊರೆಯುತ್ತದೆ. ನಮ್ಮ ದೇಶದ ಹವ್ಯಾಸಿಗಳಿಗೆ 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಬಹು ಬಳಕೆಯದು. ಅದರ ನಡುವಣ 7.1ಕ್ಕೆ ಲೆಕ್ಕ ಮಾಡಿದರೆ ಸುಮಾರು 20 ಮೀಟರು, ಅಂದರೆ 66 ಅಡಿ ಬರುತ್ತದೆ. 14.2 ಮೆಗಾಹರ್ಟ್ಸ್‌ಗೆ ಅದರ ಅರ್ಧ ಸಾಕು.

ಇದು ಲೆಕ್ಕದ ಉದ್ದ ಮಾತ್ರ. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಇನ್ನೂ ತುಸು ಕಡಿಮೆ ಬೇಕಾಗುತ್ತದೆ. ತಂತಿಯ ತುದಿಗಳು ನೆಲಕ್ಕೋ ತಾರಸಿಗೋ ಹತ್ತಿರ ಬಂದಷ್ಟೂ ಅದರ ಹೊಂದಾಣಿಕೆಯ ಕಂಪನಾಂಕ ಕೆಳಗಿಳಿಯುತ್ತದೆ. ತಯಾರಕರು ಬಯಲಿನಲ್ಲಿ, ಎತ್ತರದ ಕಂಬದ ಮೇಲೆ ಇದನ್ನು ಪರೀಕ್ಷಿಸಿರಬಹುದು. ನಮ್ಮ ತಾರಸಿಯ ಮೇಲಾದರೋ ನೀರಿನ ತೊಟ್ಟಿ, ಸೌರ ಹೀಟರು, ಬಟ್ಟೆ ಒಣಗಿಸುವ ಕಬ್ಬಿಣದ ತಂತಿ, ಮುಂದೆ ಮಹಡಿ ಕಟ್ಟಲೆಂದು ಬಿಟ್ಟ ಕಂಬಿಗಳು, ಕೇಬಲ್ ಟಿ.ವಿ.ಯ ವೈರುಗಳು ಎಲ್ಲವೂ ಇರುತ್ತವೆ. ಇವೆಲ್ಲ ಆಂಟೆನಾದ ನೆರೆಹೊರೆ. ಅದರ ನಡತೆಯನ್ನು ಇವೂ ಬದಲಿಸುತ್ತವೆ. ಇದನ್ನರಿತೇ ಒಳ್ಳೆಯ ತಯಾರಕರು ತಂತಿಯನ್ನು ಸ್ವಲ್ಪ ಉದ್ದವಾಗಿಯೇ ಕೊಟ್ಟಿರುತ್ತಾರೆ. ಆದುದರಿಂದ ಕಟ್ಟಿದೊಡನೆ ಅಂಕ ಸರಿಬಾರದಿದ್ದರೆ ಮಾಲು ದೋಷದ್ದೆಂದು ಅಂಗಡಿಯವರೊಡನೆ ಜಗಳಕ್ಕೆ ಹೊರಡುವುದು ತರವಲ್ಲ.

ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಇನ್ನೊಂದು ತೊಡಕಿದೆ. ಅಂಥ ನಿವೇಶನದ ಮೂಲೆಯಿಂದ ಮೂಲೆಗೆ ಐವತ್ತೇ ಅಡಿ. ತಂತಿ 66 ಅಡಿ. ಇದಕ್ಕಾಗಿ ನಿರಾಶರಾಗಬೇಕಿಲ್ಲ. ತಾರಸಿಯ ನಡುವೆ ಒಂದು ಕಂಬ ನಿಲ್ಲಿಸಿ, ಬಲೂನನ್ನು ಅದರ ತಲೆಗೆ ಕಟ್ಟಿ, ತಂತಿಗಳನ್ನು ಎರಡು ಮೂಲೆಗಳತ್ತ ಇಳಿಜಾರಾಗಿ ಎಳೆದರೆ ತಲೆಕೆಳಗಾದ ‘ವಿ’ ಆಕಾರ ಬರುತ್ತದೆ. ಎರಡು ತಂತಿಗಳ ನಡುವಣ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು. ಮಿಕ್ಕ ತುದಿಯನ್ನು ಪ್ಯಾರಪೆಟ್ ಗೋಡೆಯುದ್ದಕ್ಕೆ, ಗೋಡೆಗೆ ತಾಗದಂತೆ, ಪಕ್ಕಕ್ಕೆ ಬಗ್ಗಿಸಿ ಕಟ್ಟಬಹುದು. ಡೈಪೋಲ್‌ನಲ್ಲಿ ವಿದ್ಯುತ್ ಪ್ರವಾಹ ನಡುವೆ ಹೆಚ್ಚು, ತುದಿಗಳಲ್ಲಿ ಕಡಿಮೆ. ಪ್ರಸಾರದ ಕೆಲಸವನ್ನು ಬಹುಪಾಲು ನಡುಭಾಗವೇ ಮಾಡುವುದರಿಂದ ತುದಿ ಬಗ್ಗಿದರೆ ಹೆಚ್ಚಿನ ನಷ್ಟವಿಲ್ಲ. ಆದರೆ ಬಗ್ಗಿಸಿದ ಮೇಲೆ ಹೊಂದಾಣಿಕೆಯನ್ನು ಮತ್ತೆ ಮಾಡಬೇಕು.

ಏರುವ ಮುನ್ನ

ತಾರಸಿಗೆ ಏರುವ ಮುನ್ನ ಮನೆಯ ಹಿರಿಯರೂ ಮಕ್ಕಳೂ ಕೂಡಿ ಓದಬೇಕಾದ ಮಾತುಗಳಿವು. ಹ್ಯಾಮ್ ರೇಡಿಯೊದಲ್ಲಿ ಪ್ರಾಣಾಪಾಯವೆಂಬುದು ಬರುವುದಾದರೆ ಬಹುಮಟ್ಟಿಗೆ ಈ ಹಂತದಲ್ಲಿಯೇ.

ಮೊದಲನೆಯದು ಬೀದಿಯ ವಿದ್ಯುತ್ ತಂತಿ. ನಮ್ಮ ಕಂಬವೋ ತಂತಿಯೋ ಬಿದ್ದರೂ ಜಾರಿದರೂ ಅದನ್ನು ಮುಟ್ಟುವಂತಿರಬಾರದು. ಕಂಬದ ಒಟ್ಟು ಎತ್ತರದ ಒಂದೂವರೆ ಪಟ್ಟಿನಷ್ಟಾದರೂ ದೂರವಿರಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ರಸ್ತೆಯಾಚೆಯ ಮರಕ್ಕೆ ಎಸೆಯುವ ಸಾಹಸವನ್ನು ಯಾರೂ ಮಾಡಕೂಡದು. ಎರಡನೆಯದಾಗಿ, ಕಂಬ ನಿಲ್ಲಿಸುವಾಗ ಒಬ್ಬರೇ ಇರಬಾರದು. ಹಿಡಿಯಲು ಇಬ್ಬರಾದರೂ ಬೇಕು, ಪ್ಯಾರಪೆಟ್ ಗೋಡೆಯ ಮೇಲೆ ನಿಲ್ಲಬಾರದು. ಮೂರನೆಯದು, ತಂತಿಯ ತುದಿಗಳಲ್ಲಿ ಪ್ರವಾಹ ಕಡಿಮೆಯಿದ್ದರೂ ಪ್ರಸಾರದ ವೇಳೆ ವೋಲ್ಟೇಜು ಬಹಳ ಹೆಚ್ಚಿರುತ್ತದೆ, ಮುಟ್ಟಿದರೆ ಸುಡುತ್ತದೆ. ಬಟ್ಟೆ ಒಣಗಿಸಲು ಬರುವ ತಾಯಂದಿರ ಕೈಗೂ ಗಾಳಿಪಟ ಹಾರಿಸುವ ಮಕ್ಕಳ ಕೈಗೂ ಎಟುಕದಷ್ಟು ಎತ್ತರದಲ್ಲಿ ಅವನ್ನು ಕಟ್ಟಬೇಕು.

ನಾಲ್ಕನೆಯದು ಸಿಡಿಲು. ನಮ್ಮ ನಾಡಿನಲ್ಲಿ ಏಪ್ರಿಲ್, ಮೇ ತಿಂಗಳುಗಳ ಮುಂಗಾರುಪೂರ್ವ ಮಳೆ ಗುಡುಗು ಸಿಡಿಲುಗಳೊಡನೆಯೇ ಬರುತ್ತದೆ. ಮೋಡ ಕವಿಯುವುದನ್ನು ಕಂಡಾಗಲೇ ಕೇಬಲ್ಲನ್ನು ರೇಡಿಯೊದಿಂದ ಬಿಡಿಸಿ ಮನೆಯ ಹೊರಗಿಡಬೇಕು. ಬಳಕೆಯಿಲ್ಲದಾಗಲೂ ಹಾಗೆಯೇ ಇಡುವ ರೂಢಿ ಇನ್ನೂ ಒಳ್ಳೆಯದು. ಗುಡುಗು ಕೇಳಿಸತೊಡಗಿದ ಮೇಲೆ ಕೇಬಲ್ಲನ್ನು ಮುಟ್ಟಲೂಬಾರದು, ತಾರಸಿಗೆ ಹೋಗಲೂಬಾರದು. ಕಂಬಕ್ಕೆ ಅರ್ಥಿಂಗ್ ಅವಶ್ಯವೇ. ಸಿಡಿಲು ತಡೆಯುವ ಅರೆಸ್ಟರನ್ನು ಹಾಕಿದರೂ ಒಳ್ಳೆಯದೇ. ಆದರೆ ನೇರವಾಗಿ ಎರಗಿದ ಸಿಡಿಲಿನಿಂದ ಅವೆರಡೂ ಕಾಪಾಡುತ್ತವೆಂದು ನಂಬಿ ಕೂರಬಾರದು.

ಮುಳ್ಳು ಹೇಳುವುದೇನು?

ಹೊಂದಾಣಿಕೆಯನ್ನು ಅಳೆಯುವ ಅಂಕಕ್ಕೆ ಎಸ್.ಡಬ್ಲ್ಯು.ಆರ್. ಎಂದು ಹೆಸರು. ಇದನ್ನು ತಿಳಿಯಲು ಬಾವಿಯ ಹಗ್ಗವೊಂದನ್ನು ನೆನೆದರೆ ಸಾಕು. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಜೋರಾಗಿ ಒಮ್ಮೆ ಕೊಡವಿದರೆ ಅಲೆಯೊಂದು ಓಡಿಹೋಗಿ, ಕಂಬಕ್ಕೆ ಬಡಿದು, ನಮ್ಮ ಕೈಗೇ ಮರಳುತ್ತದೆ. ಕೇಬಲ್ಲಿನಲ್ಲಿ ಹೋದ ಶಕ್ತಿಯೂ ಹಾಗೆಯೇ. ಆಂಟೆನಾ ಹೊಂದಿಕೊಂಡಿದ್ದರೆ ಅದು ಶಕ್ತಿಯನ್ನು ಒಪ್ಪಿಕೊಂಡು ಆಕಾಶಕ್ಕೆ ಬಿಡುತ್ತದೆ. ಹೊಂದದಿದ್ದರೆ ಒಂದು ಪಾಲು ಹಿಂದಿರುಗುತ್ತದೆ.

ಅಂಕ 1 ಇದ್ದರೆ ಏನೂ ಹಿಂದಿರುಗಲಿಲ್ಲವೆಂದು ಅರ್ಥ. 1.5ರಲ್ಲಿ ನೂರಕ್ಕೆ 4 ಪಾಲು, 2ರಲ್ಲಿ ಸುಮಾರು 11 ಪಾಲು, 3ರಲ್ಲಿ 25 ಪಾಲು ಹಿಂದಿರುಗುತ್ತದೆ. ಇಂದಿನ ಹೆಚ್ಚಿನ ರೇಡಿಯೊಗಳು ಸುಮಾರು 2ನ್ನು ದಾಟಿದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ಶಕ್ತಿಯನ್ನು ತಾವಾಗಿಯೇ ತಗ್ಗಿಸುತ್ತವೆ. ಈ ಲೆಕ್ಕ ತಿಳಿದವರು 1.5ನ್ನು 1.1ಕ್ಕೆ ಇಳಿಸಲು ಹಗಲೆಲ್ಲ ಬಿಸಿಲಿನಲ್ಲಿ ಬೇಯುವುದಿಲ್ಲ. ಕೇಳುವವರ ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಎತ್ತರದಲ್ಲಿ ನೇರವಾಗಿ ಕಟ್ಟಿದ ಡೈಪೋಲ್‌ನ ಪ್ರತಿರೋಧ ಸುಮಾರು 70 ಓಮ್, ಕೇಬಲ್ಲಿನದು 50 ಓಮ್. ಆದುದರಿಂದ ಎಲ್ಲವೂ ಸರಿಯಿದ್ದರೂ 1.4 ಅಥವಾ 1.5 ಬರುವುದು ಸಹಜ. ‘ವಿ’ ಆಕಾರದಲ್ಲಿ ಕಟ್ಟಿದಾಗ ಅದು 50ರ ಹತ್ತಿರಕ್ಕೆ ಬರುತ್ತದೆ.

ಅಳೆಯಲು ರೇಡಿಯೊದೊಳಗಿನ ಮೀಟರು ಸಾಕಾಗುತ್ತದೆ. ಅಂಗೈಯಗಲದ ನ್ಯಾನೊ ವಿ.ಎನ್.ಎ. ಎಂಬ ಉಪಕರಣವಿದ್ದರೆ ಬಹಳ ಅನುಕೂಲ. ಅದು ಒಂದು ಕಂಪನಾಂಕದ ಅಂಕವನ್ನಷ್ಟೇ ಅಲ್ಲದೆ ಇಡೀ ಪಟ್ಟಿಯ ಏರಿಳಿತವನ್ನು ಗೆರೆಯಾಗಿ ಬರೆದು ತೋರಿಸುತ್ತದೆ. ಅದನ್ನು ಪ್ರತಿ ಸಲವೂ ಜೊತೆಗೆ ಬರುವ ಮೂರು ಬಿರಡೆಗಳಿಂದ ಕ್ಯಾಲಿಬ್ರೇಟ್ ಮಾಡಿಯೇ ಬಳಸಬೇಕು. ಅದು ಸೇರಿಕೊಂಡಿರುವಾಗ ರೇಡಿಯೊದಿಂದ ಪ್ರಸಾರ ಮಾಡಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. ರೇಡಿಯೊದ ಮೀಟರಿನಿಂದಲೇ ಅಳೆಯುವವರು ಶಕ್ತಿಯನ್ನು 5 ಅಥವಾ 10 ವಾಟಿಗೆ ಇಳಿಸಿಕೊಳ್ಳಬೇಕು. ಆ ಕಂಪನಾಂಕದಲ್ಲಿ ಬೇರೆ ಯಾರಾದರೂ ಮಾತನಾಡುತ್ತಿರುವರೇ ಎಂದು ಕೇಳಿ, ತಮ್ಮ ಕರೆಸಂಕೇತವನ್ನು ಹೇಳಿ, ಚುಟುಕಾಗಿ ಅಳತೆ ಮುಗಿಸಬೇಕು.

ಕತ್ತರಿಗೆ ಮೊದಲು ಮಡಿಕೆ

ಈಗ ಹೊಂದಾಣಿಕೆ. ಪಟ್ಟಿಯ ಆಚೀಚೆಗೂ ಸ್ವಲ್ಪ ಸೇರಿಸಿ, 6.5ರಿಂದ 7.5 ಮೆಗಾಹರ್ಟ್ಸ್‌ವರೆಗೆ ವಿ.ಎನ್.ಎ.ಯಿಂದ ಅಳೆದು, ಅಂಕ ಎಲ್ಲಿ ಅತಿ ಕೆಳಗಿದೆಯೆಂದು ಗುರುತಿಸಬೇಕು. ರೇಡಿಯೊದ ಮೀಟರಿನಿಂದ ಅಳೆಯುವವರು ಹವ್ಯಾಸಿ ಪಟ್ಟಿಯನ್ನು ದಾಟಿ ಪ್ರಸಾರ ಮಾಡುವಂತಿಲ್ಲ. ಪಟ್ಟಿಯ ಎರಡು ಅಂಚುಗಳಲ್ಲಿ ಅಳೆದು, ಅಂಕ ಯಾವ ಕಡೆಗೆ ಇಳಿಯುತ್ತಿದೆಯೆಂದು ನೋಡಿದರೆ ಅವರಿಗೆ ಸಾಕು. ತಗ್ಗು ನಮಗೆ ಬೇಕಾದ ಜಾಗಕ್ಕಿಂತ ಕೆಳಗಿದ್ದರೆ ತಂತಿ ಉದ್ದವಾಗಿದೆ, ಮೇಲಿದ್ದರೆ ಗಿಡ್ಡವಾಗಿದೆ. ಇದೊಂದು ಸೂತ್ರ ನೆನಪಿದ್ದರೆ ಸಾಕು.

ಉದಾಹರಣೆಗೆ, ಎರಡೂ ಬದಿ ಸೇರಿ 20.7 ಮೀಟರು ತಂತಿಯಿದೆ, ಅಂಕ 6.9ರಲ್ಲಿ ಅತಿ ಕಡಿಮೆಯಾಗಿದೆ, ನಮಗೆ ಬೇಕಾದುದು 7.1 ಎಂದಿಟ್ಟುಕೊಳ್ಳೋಣ. 20.7ನ್ನು 6.9ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 20.12 ಬರುತ್ತದೆ. ಅಂದರೆ 58 ಸೆಂಟಿಮೀಟರು ಹೆಚ್ಚಾಗಿದೆ. ಒಂದೊಂದು ಬದಿಯಲ್ಲಿ 29 ಸೆಂಟಿಮೀಟರು. ಲೆಕ್ಕ ಬಂದೊಡನೆ ಕತ್ತರಿ ಹಿಡಿಯಬಾರದು. ಮೊದಲು ಅರ್ಧದಷ್ಟು, ಎಂದರೆ ಸುಮಾರು 15 ಸೆಂಟಿಮೀಟರನ್ನು ಎರಡೂ ಬದಿಯಲ್ಲಿ ಹಿಂದಕ್ಕೆ ಮಡಚಿ, ಅದೇ ತಂತಿಗೆ ಒತ್ತಾಗಿ ಸುತ್ತಿ, ಕಂಬವನ್ನು ಮೊದಲಿನ ಎತ್ತರಕ್ಕೇ ಏರಿಸಿ ಮತ್ತೆ ಅಳೆಯಬೇಕು. ಮಡಚಿದ ತಂತಿಯೂ ಬಹುಪಾಲು ಕತ್ತರಿಸಿದಷ್ಟೇ ಫಲ ಕೊಡುತ್ತದೆ. ಹೆಚ್ಚಾಯಿತೆನಿಸಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲು ಬೆಸುಗೆಯ ತೊಂದರೆ. ಎರಡು ಮೂರು ಸಲದಲ್ಲಿ ತಗ್ಗು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಇಲ್ಲಿ ಎರಡು ಎಚ್ಚರಗಳು. ತಂತಿಯನ್ನು ಕೆಳಗಿಳಿಸಿಟ್ಟು ಅಳೆದ ಅಂಕ ಲೆಕ್ಕಕ್ಕೆ ಬಾರದು. ಅದು ಕೆಲಸ ಮಾಡುವ ಎತ್ತರದಲ್ಲಿಯೇ ಅಳೆಯಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ತಂತಿಯನ್ನೂ ಮಡಚಿ, ಕಂಬವನ್ನೂ ಸರಿಸಿ, ಕೇಬಲ್ಲನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಮನೆಯ ಜಮಾ-ಖರ್ಚಿನ ಪುಸ್ತಕದಂತೆ ಇದಕ್ಕೂ ಒಂದು ನೋಟ್‌ಪುಸ್ತಕವಿಟ್ಟು, ದಿನಾಂಕ, ತಂತಿಯ ಉದ್ದ, ಮೂರು ನಾಲ್ಕು ಕಂಪನಾಂಕಗಳ ಅಂಕ, ಹವೆ ಒಣಗಿತ್ತೋ ಮಳೆಯಿತ್ತೋ ಎಂಬುದನ್ನು ಬರೆದಿಡಬೇಕು. ಮುಂದೆ ದೋಷ ಬಂದ ದಿನ ಈ ಪುಸ್ತಕವೇ ವೈದ್ಯ.

ದೋಷವನ್ನು ಹುಡುಕುವ ಕ್ರಮ

ಅಂಕ ಹದಗೆಟ್ಟಾಗ ಮೊದಲು ತಂತಿಯ ಮೇಲೆಯೇ ಕಣ್ಣು ಹೋಗುತ್ತದೆ. ವಾಸ್ತವದಲ್ಲಿ ತಂತಿ ಕೆಡುವುದು ಅಪರೂಪ. ಕೆಡುವುದು ಬಹುಪಾಲು ಕೂಡುವೆಡೆಗಳು. ಆದುದರಿಂದ ರೇಡಿಯೊದಿಂದ ಹೊರಟು ಮೇಲಕ್ಕೆ, ಒಂದೊಂದೇ ಕೂಡುವೆಡೆಯನ್ನು ಪರೀಕ್ಷಿಸುತ್ತ ಹೋಗುವುದು ಕ್ರಮ.

ಮೊದಲು ಕೇಬಲ್ಲನ್ನು ಎರಡೂ ತುದಿಗಳಲ್ಲಿ ಬಿಡಿಸಬೇಕು. ಮಲ್ಟಿಮೀಟರನ್ನು ನಡುತಂತಿಗೂ ಜಾಲರಿಗೂ ಹಿಡಿದರೆ ಸಂಪರ್ಕವೇ ಇರಕೂಡದು. ಇನ್ನೊಂದು ತುದಿಯಲ್ಲಿ ಅವೆರಡನ್ನೂ ತಂತಿಯ ತುಣುಕಿನಿಂದ ಕೂಡಿಸಿದರೆ ಓಮ್ ಬಹುತೇಕ ಶೂನ್ಯವಾಗಬೇಕು. ಇವೆರಡರಲ್ಲಿ ಯಾವುದು ತಪ್ಪಿದರೂ ದೋಷ ಕೇಬಲ್ಲಿನಲ್ಲಿಯೋ ಕನೆಕ್ಟರಿನಲ್ಲಿಯೋ ಇದೆ. ಪಿ.ಎಲ್.-259 ಕನೆಕ್ಟರಿನೊಳಗೆ ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿದ್ದರೂ, ಬೆಸುಗೆ ಮೇಲ್ಮೇಲೆ ಕುಳಿತಿದ್ದರೂ ಸಾಕು, ಎಲ್ಲ ಕೆಡುತ್ತದೆ. ಈ ಪರೀಕ್ಷೆಯನ್ನು ಬಲೂನಿನಿಂದ ಬಿಡಿಸಿಯೇ ಮಾಡಬೇಕು. ಕೆಲವು ಬಲೂನುಗಳು ಒಳಗಿನ ಸುರುಳಿಯ ಕಾರಣ ಸಹಜವಾಗಿಯೇ ಶೂನ್ಯ ತೋರಿಸುತ್ತವೆ.

ಅನಂತರ ಕೇಬಲ್ಲಿನ ಮೇಲ್ತುದಿಗೆ ಆಂಟೆನಾದ ಬದಲು 50 ಓಮಿನ ಡಮ್ಮಿ ಲೋಡ್ ಸೇರಿಸಿ ಕೆಳಗಿನಿಂದ ಅಳೆಯಬೇಕು. ಅಂಕ 1ರ ಹತ್ತಿರವೇ ಬಂದರೆ ಹೊಂದಾಣಿಕೆಯ ಮಟ್ಟಿಗೆ ಕೇಬಲ್ಲಿನ ತಪ್ಪಿಲ್ಲ. ದೋಷ ಅದರ ಮೇಲಿದೆ.

ಅಂಕದ ನಡತೆಯೂ ದೋಷದ ಗುರುತನ್ನು ಹೇಳುತ್ತದೆ. ಎಲ್ಲ ಕಂಪನಾಂಕಗಳಲ್ಲಿಯೂ ಅಂಕ ಮೇಲೆಯೇ ನಿಂತು, ತಗ್ಗೆಂಬುದೇ ಕಾಣದಿದ್ದರೆ ಎಲ್ಲಿಯೋ ಸಂಪರ್ಕ ಕಡಿದಿದೆ ಅಥವಾ ತಾಗಿದೆ. ಗಾಳಿ ಬೀಸಿದಾಗ ಮಾತ್ರ ಮುಳ್ಳು ಕುಣಿದರೆ ಬಲೂನಿನ ತಿರುಪು ಸಡಿಲವಾಗಿದೆ. ಬೇಸಗೆಯಲ್ಲಿ ಸರಿಯಿದ್ದು ಮಳೆ ಹಿಡಿದೊಡನೆ ಹದಗೆಟ್ಟರೆ ಕನೆಕ್ಟರಿನೊಳಗೆ ನೀರಿಳಿದಿದೆ. ತಗ್ಗು ಇದ್ದಕ್ಕಿದ್ದಂತೆ ಬೇರೆಡೆಗೆ ಸರಿದಿದ್ದರೆ ತಾರಸಿಗೆ ಹೊಸದಾಗಿ ಏನು ಬಂದಿದೆಯೆಂದು ನೋಡಬೇಕು – ತಗಡಿನ ಚಾವಣಿ, ಸೌರ ಫಲಕ, ಕಬ್ಬಿಣದ ಗೇಟು ಇವೆಲ್ಲ ಹಾಗೆ ಮಾಡಬಲ್ಲವು. ಕೇಬಲ್ಲನ್ನು ಕೈಯಿಂದ ಹಿಡಿದಾಗ ಅಂಕ ಬದಲಾದರೆ, ಅಥವಾ ಮಾತನಾಡುವಾಗ ಮೈಕು ತುಟಿಗೆ ಚುರುಗುಟ್ಟಿದರೆ, ಪ್ರವಾಹ ಕೇಬಲ್ಲಿನ ಹೊರಮೈಯಲ್ಲಿ ಹಿಂದಿರುಗುತ್ತಿದೆ. ಬಲೂನು ತನ್ನ ಕೆಲಸ ಮಾಡುತ್ತಿಲ್ಲ. ಅದನ್ನು ಬದಲಿಸಬೇಕು, ಇಲ್ಲವೆ ಅದರ ಬುಡದಲ್ಲಿ ಫೆರೈಟ್ ಬಳೆಗಳ ಚೋಕ್ ಹಾಕಬೇಕು.

ಚೆಲುವಾದ ಅಂಕದ ಮೋಸ

ಇಷ್ಟರವರೆಗೆ ಕೆಟ್ಟ ಅಂಕದ ಮಾತಾಯಿತು. ಅದಕ್ಕಿಂತ ಅಪಾಯಕರವಾದುದು ಒಳ್ಳೆಯ ಅಂಕ. ಕೆಟ್ಟ ಅಂಕ ಎಚ್ಚರಿಸುತ್ತದೆ. ಸುಳ್ಳಾದ ಒಳ್ಳೆಯ ಅಂಕ ನಿದ್ದೆ ಮಾಡಿಸುತ್ತದೆ.

ಪರಿಚಿತರ ಮನೆಯೊಂದರಲ್ಲಿ 144-146 ಮೆಗಾಹರ್ಟ್ಸ್ ಪಟ್ಟಿಗೆಂದು ಕೊಂಡ ನಿಲುವಿನ ಆಂಟೆನಾವೊಂದು ಇದ್ದಿತು. ಮೀಟರು ಸದಾ 1.7ರ ಹತ್ತಿರ ತೋರಿಸುತ್ತಿತ್ತು, ಮನೆಯವರು ನೆಮ್ಮದಿಯಿಂದಿದ್ದರು. ಆದರೆ ಅದೇ ಊರಿನ ಗೆಳೆಯರಿಗೆ ಅವರ ದನಿ ಕೇಳಿಸುತ್ತಲೇ ಇರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ಮಗಳು ತಾರಸಿಗೆ ಹೋಗಿ ಆಂಟೆನಾವನ್ನು ಕೇಬಲ್ಲಿನಿಂದ ಬಿಡಿಸಿಯೇಬಿಟ್ಟು, ಕೆಳಗೆ ಬಂದು ಅಳೆದಳು. ಮುಳ್ಳು ಅಲ್ಲಿಯೇ ನಿಂತಿತ್ತು!

ಇದು ಪವಾಡವೇನೂ ಅಲ್ಲ, ಲೆಕ್ಕ. ಆ ಮನೆಯಲ್ಲಿದ್ದುದು ಆರ್.ಜಿ.-58 ಎಂಬ ತೆಳುವಾದ ಕೇಬಲ್, ಮೂವತ್ತು ಮೀಟರು. 145 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದದ ಈ ಕೇಬಲ್ಲು ಹೊಸದಾಗಿದ್ದರೂ ಶಕ್ತಿಯ ಮೂರರಲ್ಲೊಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಕಡಿಮೆಯನ್ನು ಮೇಲಕ್ಕೆ ಮುಟ್ಟಿಸುತ್ತದೆ. ಉಳಿದುದು ಒಳಗೇ ಬಿಸಿಯಾಗಿ ಕರಗುತ್ತದೆ. ಮೇಲಿನಿಂದ ಎಲ್ಲವೂ ಹಿಂದಿರುಗಿದರೂ ಕೆಳಗಿಳಿಯುವಾಗ ಮತ್ತೆ ಅದೇ ರೀತಿ ಸೋರಿಹೋಗುತ್ತದೆ. ಮೀಟರಿಗೆ ಕಾಣುವುದು ಹಿಂದಿರುಗಿದ ಚೂರು ಮಾತ್ರ. ಆದುದರಿಂದ ಆಂಟೆನಾವೇ ಇಲ್ಲದಿದ್ದರೂ ಅಂಕ 2ಕ್ಕಿಂತ ಕೆಳಗಿರುತ್ತದೆ. ನೀರು ಕುಡಿದು ಜಾಲರಿ ಕಪ್ಪಾದ ಹಳೆಯ ಕೇಬಲ್ಲಿನಲ್ಲಿ ಅಂಕ ಇನ್ನೂ ಚೆಲುವಾಗಿ ಕಾಣುತ್ತದೆ! ಅದೇ ಕೇಬಲ್ಲು 7 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಕೆಟ್ಟದ್ದಲ್ಲ. ಮೂವತ್ತು ಮೀಟರಿನಲ್ಲಿ ಸುಮಾರು ಮುಕ್ಕಾಲು ಪಾಲು ಶಕ್ತಿ ಮೇಲಕ್ಕೆ ಮುಟ್ಟುತ್ತದೆ. ಕಂಪನಾಂಕ ಏರಿದಷ್ಟೂ ದಪ್ಪನೆಯ, ಉತ್ತಮ ಕೇಬಲ್ಲು, ಸಾಧ್ಯವಾದಷ್ಟು ಕಡಿಮೆ ಉದ್ದ – ಇದು ನಿಯಮ. ಆ ಮನೆಯವರು ಕೇಬಲ್ಲನ್ನು ಬದಲಿಸಿ, ಬಳಸು ದಾರಿಯನ್ನು ಬಿಟ್ಟು ಕಿಟಕಿಯ ಮೂಲಕ ನೇರವಾಗಿ ಎಳೆದರು. ಬುಡದ ಕನೆಕ್ಟರನ್ನು ಬಿಚ್ಚಿದಾಗ ನಡುತಂತಿ ತುಂಡಾಗಿದ್ದುದು ಕಂಡಿತು. ಆಂಟೆನಾ ಮೊದಲಿನಿಂದಲೂ ಸರಿಯಾಗಿಯೇ ಇದ್ದಿತು.

ಆದುದರಿಂದ ಅಂಕ ಒಳ್ಳೆಯದೆನಿಸಿದಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಕಂಪನಾಂಕ ಬದಲಿಸಿದಂತೆ ಅಂಕ ಏರಿಳಿಯುತ್ತದೆಯೇ? ಜೀವಂತ ಆಂಟೆನಾಕ್ಕೆ ತಗ್ಗೂ ಇರುತ್ತದೆ, ಏರೂ ಇರುತ್ತದೆ; ಎಲ್ಲೆಡೆ ಸಮತಟ್ಟಾಗಿದ್ದರೆ ಸಂಶಯಪಡಬೇಕು. ದೂರದವರಿಗೆ ಕೇಳಿಸುತ್ತದೆಯೇ? ಕೊನೆಯ ಪ್ರಮಾಣ ಅದೇ. ಆಂಟೆನಾ ಟ್ಯೂನರ್ ಎಂಬ ಪೆಟ್ಟಿಗೆಯನ್ನು ಕೊಂಡರೆ ಎಲ್ಲ ಸರಿಹೋಗುವುದೆಂಬ ನಂಬಿಕೆಯೂ ಇದೆ. ರೇಡಿಯೊದ ಬಳಿ ಇಟ್ಟ ಟ್ಯೂನರ್ ರೇಡಿಯೊವನ್ನು ಸಮಾಧಾನಪಡಿಸುತ್ತದೆ. ಮೇಲಿನ ಕೂಡುವೆಡೆಯ ತುಕ್ಕನ್ನೂ ಕೇಬಲ್ಲಿನ ಸೋರಿಕೆಯನ್ನೂ ಅದು ಮುಟ್ಟಲಾರದು.

ಕೇಳಿಸದ ಮಾತು, ಕೇಳಿಸುವ ಗದ್ದಲ

ಅಂಕ ಸರಿಯಾಗಿದ್ದು ನಮ್ಮ ದನಿ ದೂರದವರಿಗೆ ಕೇಳಿಸುತ್ತಿದ್ದರೂ, ನಮಗೆ ಬರಿಯ ಗುಂಯ್‌ಗುಡುವಿಕೆಯೇ ಕೇಳುವುದುಂಟು. ಇದು ಆಂಟೆನಾದ ದೋಷವಲ್ಲ. ಎಲ್.ಇ.ಡಿ. ದೀಪಗಳು, ಮೊಬೈಲು ಚಾರ್ಜರುಗಳು, ಯು.ಪಿ.ಎಸ್., ಇನ್ವರ್ಟರು, ಸೌರ ವಿದ್ಯುತ್ತಿನ ಪೆಟ್ಟಿಗೆ ಇವು ಹೊರಸೂಸುವ ಗದ್ದಲ. ರೇಡಿಯೊವನ್ನು ಬ್ಯಾಟರಿಯ ಮೇಲೆ ನಡೆಸಿ, ಮನೆಯವರಿಗೆ ತಿಳಿಸಿ, ಇನ್ವರ್ಟರನ್ನೂ ಆರಿಸಿ, ಮೇನ್ ಸ್ವಿಚ್ಚನ್ನು ಕ್ಷಣಕಾಲ ಇಳಿಸಿ ನೋಡಬೇಕು. ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ, ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಏರಿಸುತ್ತ ಬಂದರೆ ಯಾವ ಕೋಣೆಯ ಯಾವ ದೀಪವೆಂಬುದು ಸಿಕ್ಕೇಸಿಗುತ್ತದೆ. ನಿಲ್ಲದಿದ್ದರೆ ಹೊರಗಿನದು. ಆಗ ನೆರೆಯವರ ಮೇಲೆ ದೂರು ಹೊತ್ತು ಹೋಗುವುದಕ್ಕಿಂತ, ರೇಡಿಯೊವನ್ನು ಅವರಿಗೆ ಕೇಳಿಸಿ ವಿಷಯ ತಿಳಿಸುವುದು ಲೇಸು. ಕಂಬ ನಿಲ್ಲಿಸುವಾಗಲೇ ಅಕ್ಕಪಕ್ಕದವರಿಗೆ ಇದು ಏನೆಂದು ಹೇಳಿಟ್ಟರೆ, ಬಹುಮಹಡಿ ಕಟ್ಟಡದಲ್ಲಿ ಸಂಘದ ಒಪ್ಪಿಗೆ ಪಡೆದಿದ್ದರೆ, ಮುಂದಿನ ಎಷ್ಟೋ ಮನಸ್ತಾಪಗಳು ಹುಟ್ಟುವುದೇ ಇಲ್ಲ.

ಪಾಲನೆ

ಕಟ್ಟಿದ ಮೇಲೆ ಮರೆಯುವ ವಸ್ತು ಇದಲ್ಲ. ಮಳೆಗಾಲಕ್ಕೆ ಮುನ್ನ ಒಮ್ಮೆ, ಅನಂತರ ಒಮ್ಮೆ, ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡಬೇಕು. ಕನೆಕ್ಟರಿನ ಬಾಯಿ ಸದಾ ಕೆಳಮುಖವಾಗಿರಬೇಕು. ಅದರ ಮೇಲೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಪಿ.ವಿ.ಸಿ. ಟೇಪು ಸುತ್ತಬೇಕು, ಬರಿಯ ಪಿ.ವಿ.ಸಿ. ಟೇಪು ನಮ್ಮ ಬಿಸಿಲಿಗೆ ಬಹುಕಾಲ ನಿಲ್ಲದು. ಮನೆಯೊಳಗೆ ಪ್ರವೇಶಿಸುವ ಮುನ್ನ ಕೇಬಲ್ಲನ್ನು ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆತ್ತಿದರೆ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಬಿಳಿಯ ಪ್ಲಾಸ್ಟಿಕ್ ಕಟ್ಟುಗಳು ಬಿಸಿಲಿಗೆ ಪುಡಿಯಾಗುತ್ತವೆ. ಬಿಸಿಲನ್ನು ತಾಳುವ ಕಪ್ಪು ಕಟ್ಟುಗಳನ್ನೇ ಬಳಸಬೇಕು. ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಯಿಂದ ಕೂಡುವೆಡೆಗಳು ಬೇಗ ಕಿಲುಬು ಹಿಡಿಯುವುದರಿಂದ ಇನ್ನೂ ಹೆಚ್ಚು ಗಮನ ಬೇಕು. ಕೋತಿಗಳ ಕಾಟವಿರುವ ಊರುಗಳಲ್ಲಿ ತುದಿಯ ಹಗ್ಗ ಬಿಗಿಯಾಗಿರುವುದನ್ನು ವಾರಕ್ಕೊಮ್ಮೆ ನೋಡಿದರೂ ಹೆಚ್ಚಲ್ಲ.

ಸಾರಾಂಶವಾಗಿ ಹೇಳುವುದಾದರೆ, ಮೊದಲು ಸುರಕ್ಷತೆ, ಅನಂತರ ಕೂಡುವೆಡೆ, ಆಮೇಲೆ ಕೇಬಲ್ಲು, ಕಟ್ಟಕಡೆಗೆ ತಂತಿ. ಕತ್ತರಿ ಎಲ್ಲಕ್ಕಿಂತ ಹಿಂದೆ. ಅಂಕ ಕೆಟ್ಟಾಗ ಗಾಬರಿಯಾಗದೆ, ಅಂಕ ಚೆಲುವಾದಾಗ ಮೈಮರೆಯದೆ, ಅದು ಎಲ್ಲಿಂದ ಬಂದಿತೆಂದು ವಿಚಾರಿಸುವವರ ಮನೆಯ ರೇಡಿಯೊ ಕಷ್ಟದ ದಿನದಲ್ಲಿ ಕೈಕೊಡುವುದು ಅಪರೂಪ. ರಜೆಯ ದಿನವೊಂದರಲ್ಲಿ ಮನೆಯ ಮಕ್ಕಳನ್ನು ಕರೆದುಕೊಂಡು, ನೋಟ್‌ಪುಸ್ತಕ ಹಿಡಿದು, ತಾರಸಿಗೆ ಹೋಗಿ ಒಮ್ಮೆ ಅಳೆದು ನೋಡಿರೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ. ಮೋಡವಿಲ್ಲದ ದಿನವನ್ನೇ ಆರಿಸಿಕೊಳ್ಳಿರಿ.